ಪದಚರ್ಚೆ: ‘ವಿಮೆ ಬಂತು’ ಎಂಬುದನ್ನು ಆದಾಯ ತೆರಿಗೆಯ ವಿವರದಲ್ಲಿ ಏನೆಂದು ಬರೆಯುವುದು?

ಪದಚರ್ಚೆಯ ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ 18 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರು, ನಿವೃತ್ತ ಶಿಕ್ಷಕರು, ಮತ್ತು ಗಂಡ ತೀರಿಕೊಂಡ ಮೇಲೆ ಮೊದಲ ಬಾರಿಗೆ ಇಂಥ ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದ ಹೆಣ್ಣುಮಕ್ಕಳು. ವಿಮೆಯಿಂದ ಬಂದ ಹಣವನ್ನು ಆದಾಯ ತೆರಿಗೆಯ ರಿಟರ್ನಿನಲ್ಲಿ ಹೇಗೆ ತೋರಿಸಬೇಕು ಎಂಬ ಒಂದೇ ವಿಷಯದ ಮೇಲೆ ಇವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಲೆಕ್ಕದ ಭಾಗ ಎರಡು ದಿನದಲ್ಲಿ ಮುಗಿಯಿತು. ಪದಗಳಿಗಾಗಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಬಳಗದವರ ನೆರವು ಬೇಡಿ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

‘ವಿಮೆ’ ಎಂಬ ಪದದಿಂದಲೇ ಆರಂಭಿಸುತ್ತೇನೆ. ಪಾರಸಿಯ ‘ಬೀಮಾ’ ಮರಾಠಿಯಲ್ಲಿ ‘ವಿಮಾ’ ಆಗಿ, ಕನ್ನಡದಲ್ಲಿ ‘ವಿಮೆ’ ಆಗಿ ನೆಲೆಸಿದೆ; ಸಮಾಸದಲ್ಲಿ ಮಾತ್ರ ‘ವಿಮಾ ಕಂತು’, ‘ವಿಮಾ ನಿಗಮ’ ಎಂದು ಹಳೆಯ ಆಕಾರ ಉಳಿದುಕೊಂಡಿದೆ. ಆಡುಮಾತಿನಲ್ಲಿ ಈ ಒಂದೇ ಪದ ಮೂರು ಕೆಲಸ ಮಾಡುತ್ತದೆ. ‘ವಿಮೆ ಮಾಡಿಸಿದೆ’ ಎಂದರೆ ಕರಾರು, ‘ವಿಮೆ ಕಟ್ಟಿದೆ’ ಎಂದರೆ ಕಂತು, ‘ವಿಮೆ ಬಂತು’ ಎಂದರೆ ಕೈಗೆ ಸಿಕ್ಕಿದ ಹಣ. ಮಾತಿನಲ್ಲಿ ಕ್ರಿಯಾಪದವೇ ಮೂರನ್ನೂ ಬೇರ್ಪಡಿಸುವುದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ಬರಹದಲ್ಲಿ, ಅದರಲ್ಲೂ ಅಂಕಣಗಳುಳ್ಳ ನಮೂನೆಯಲ್ಲಿ, ಕ್ರಿಯಾಪದಕ್ಕೆ ಜಾಗವಿಲ್ಲ. ಅಲ್ಲಿ ನಾಮಪದ ಒಂದೇ ನಿಲ್ಲಬೇಕು. ಕಳೆದ ವರ್ಷ ಹೊಸನಗರದ ಕಡೆಯ ಬೆಳೆಗಾರರೊಬ್ಬರು ಲೆಕ್ಕಕ್ಕೆಂದು ತಂದ ನೋಟುಪುಸ್ತಕದ ಹಾಳೆಯಲ್ಲಿ ಒಂದರ ಕೆಳಗೊಂದು ಮೂರು ಸಾಲುಗಳಿದ್ದವು: ‘ವಿಮೆ 18,400’, ‘ವಿಮೆ 6,400’, ‘ವಿಮೆ 2,10,000’. ಮೊದಲನೆಯದು ಮನೆಯವರ ಆರೋಗ್ಯ ವಿಮೆಗೆ ಕಟ್ಟಿದ ಕಂತು, ಎರಡನೆಯದು ಬೆಳೆ ವಿಮೆಗೆ ಕಟ್ಟಿದ್ದು, ಮೂರನೆಯದು ಅವಧಿ ಮುಗಿದು ಬಂದದ್ದು. ತೆರಿಗೆಯ ಕಣ್ಣಿನಲ್ಲಿ ಈ ಮೂರೂ ಮೂರು ದಿಕ್ಕಿನವು. ಅವರ ಹಾಳೆಯಲ್ಲಿ ಮೂರಕ್ಕೂ ಒಂದೇ ಹೆಸರು.

ಈ ಮೂರನೆಯದಕ್ಕೆ, ಎಂದರೆ ‘ಬಂದ ವಿಮೆ’ಗೆ, ಕನ್ನಡದಲ್ಲಿ ಈಗ ಓಡಾಡುತ್ತಿರುವ ಪದಗಳು ಹಲವು: ವಿಮಾ ಪ್ರಯೋಜನ, ವಿಮಾ ಸೌಲಭ್ಯ, ವಿಮಾ ಲಾಭ, ವಿಮಾ ಪರಿಹಾರ, ವಿಮಾ ಮೊತ್ತ, ಕ್ಲೇಮು. ಇವುಗಳಲ್ಲಿ ‘ವಿಮಾ ಮೊತ್ತ’ವನ್ನು ಮೊದಲೇ ಬದಿಗಿಡಬೇಕಾಗುತ್ತದೆ, ಅದು ಪಾಲಿಸಿಯಲ್ಲಿ ಬರೆದಿರುವ, ಕಂಪನಿ ಭರವಸೆ ಕೊಟ್ಟಿರುವ ಮೊತ್ತಕ್ಕೆ ಮೀಸಲಾಗಿದೆ, ಮತ್ತು ಆ ಅರ್ಥದಲ್ಲಿ ಅದು ನನಗೆ ಮುಂದೆ ಬೇಕು. ಉಳಿದವುಗಳ ಪೈಕಿ ‘ಪ್ರಯೋಜನ’ ಮತ್ತು ‘ಲಾಭ’ ಎಂಬ ಎರಡು ಪದಗಳನ್ನು ನಾನು ಏಕೆ ಬಳಸಲಾರೆ ಎಂಬುದನ್ನು ಒಂದು ಘಟನೆಯಿಂದ ಹೇಳುತ್ತೇನೆ.

ಈ ವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೊದಲ ವಾರ, ತೀರ್ಥಹಳ್ಳಿ ಕಡೆಯಿಂದ ಅರವತ್ತರ ಆಸುಪಾಸಿನ ಅಮ್ಮನವರೊಬ್ಬರು ತಮ್ಮ ಮೈದುನನ ಜೊತೆ ಬಂದರು. ಯಜಮಾನರು ಹಿಂದಿನ ವರ್ಷ ತೀರಿಕೊಂಡಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಮಡಿಸಿದ ಒಂದು ಪತ್ರ. ಒಂದು ವಿಮಾ ಕಂಪನಿ ಕನ್ನಡದಲ್ಲಿಯೇ ಕಳುಹಿಸಿದ್ದ ಆ ಪತ್ರದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ‘ಮರಣ ಲಾಭ ಪಾವತಿ’ ಎಂದಿತ್ತು. ಕೆಳಗೆ ಎರಡು ಕಡೆ ‘ಮರಣ ಪ್ರಯೋಜನ’ ಎಂದಿತ್ತು. ಆ ಅಮ್ಮ ಬೆರಳಿಟ್ಟು ಆ ಸಾಲನ್ನು ತೋರಿಸಿ, “ತಂಗೀ, ಇದು ಎಂತದು ಇದು? ಅವ್ರು ಹೋಗಿದ್ರಿಂದ ನಂಗೆ ಲಾಭ ಆತು ಅಂತನಾ ಬರ್ದಿದ್ದು?” ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದರು. ನಾನು ಆ ಪತ್ರವನ್ನು ಮಗುಚಿಟ್ಟು, “ಅಮ್ಮ, ಯಜಮಾನರು ನಿಮ್ಮ ಹೆಸರಿಗೆ ಬರೆದಿಟ್ಟಿದ್ದ ಹಣ ನಿಮಗೆ ಸಂದಿದೆ ಅಂತ ಅರ್ಥ” ಎಂದೆ. ಆಮೇಲೆ ಅವರು ಕೇಳಿದ್ದು ಇದಕ್ಕಿಂತ ಮುಖ್ಯವಾದ ಮಾತು: “ಲಾಭ ಅಂದ್ಮೇಲೆ ಅದಕ್ಕೆ ಟ್ಯಾಕ್ಸ್ ಬೀಳ್ತದಲ?”

ಪದದ ತಪ್ಪು ಹೇಗೆ ಲೆಕ್ಕದ ತಪ್ಪಾಗುತ್ತದೆ ಎಂಬುದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಯಿತು. ಕನ್ನಡದಲ್ಲಿ ಲಾಭವೆಂದರೆ ಹಾಕಿದ್ದಕ್ಕಿಂತ ಹೆಚ್ಚು ಬಂದದ್ದು. ಅಂಗಡಿಯ ಲಾಭ, ಮಂಡಿಯ ಲಾಭ. ಲಾಭಕ್ಕೆ ತೆರಿಗೆ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ 1961ರ ಆದಾಯ ತೆರಿಗೆ ಕಾಯ್ದೆಯ 10(10ಡಿ) ಕಲಮಿನ ಪ್ರಕಾರ, ಪಾಲಿಸಿದಾರರು ತೀರಿಕೊಂಡಾಗ ಮನೆಯವರಿಗೆ ಬರುವ ಜೀವ ವಿಮೆಯ ಹಣಕ್ಕೆ ತೆರಿಗೆ ಇಲ್ಲ. ಕಂತು ಎಷ್ಟಿತ್ತು ಎಂಬ ಮಿತಿಗಳೂ ಅಲ್ಲಿ ಅಡ್ಡ ಬರುವುದಿಲ್ಲ. ಪತ್ರದ ತಲೆಬರಹವೊಂದು ಆ ಅಮ್ಮನಿಗೆ ಅವಮಾನವನ್ನೂ ಮಾಡಿತು, ಇಲ್ಲದ ಭಯವನ್ನೂ ಹುಟ್ಟಿಸಿತು. ನಾನು ಕೈಪಿಡಿಯಲ್ಲಿ ‘ಮರಣಾನಂತರ ಸಲ್ಲುವ ಹಣ’ ಎಂದು ಬರೆದಿದ್ದೇನೆ. ‘ಸಲ್ಲು’ ಎಂಬುದು ನಮ್ಮ ಹಳೆಯ, ಗಟ್ಟಿ ಕ್ರಿಯಾಪದ. ಯಾರಿಗೆ ಸೇರಬೇಕೋ ಅವರಿಗೆ ಸೇರುವುದು, ಅದೂ ಹಕ್ಕಿನಿಂದ ಸೇರುವುದು, ಎಂಬ ಅರ್ಥ ಅದರಲ್ಲಿದೆ. ಅದರಿಂದ ಒಂದು ಚಿಕ್ಕ ನಾಮಪದ ಬೇಕೆನಿಸುತ್ತದೆ. ‘ಸಂದಾಯ’ ಇದೆ, ಆದರೆ ‘ಸಂದಾಯ ಮಾಡು’ ಎಂದೊಡನೆ ಕಟ್ಟುವ ದಿಕ್ಕಿನ ಅರ್ಥ ಬಂದುಬಿಡುತ್ತದೆ, ಬರುವ ದಿಕ್ಕಿನದಲ್ಲ. ‘ಸಲುವಳಿ’ ಎಂಬ ರೂಪವನ್ನು ಇಲ್ಲಿ ಬಳಸಿದರೆ ಓದುಗರಿಗೆ ಹಿಡಿಸೀತೇ?

ಅವಧಿ ಮುಗಿದಾಗ ಬರುವ ಹಣಕ್ಕೆ ‘ಪರಿಪಕ್ವತಾ ಮೊತ್ತ’, ಮಧ್ಯದಲ್ಲಿಯೇ ಪಾಲಿಸಿ ಬಿಟ್ಟಾಗ ಬರುವುದಕ್ಕೆ ‘ಶರಣಾಗತಿ ಮೌಲ್ಯ’ ಎಂದು ಅಚ್ಚಾದದ್ದನ್ನು ಕಂಡಿದ್ದೇನೆ. ಎರಡನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಯಾರೂ ಯಾರಿಗೂ ಶರಣಾಗಿಲ್ಲ, ಪಾಲಿಸಿಯನ್ನು ಹಿಂತಿರುಗಿಸಿದ್ದಾರೆ ಅಷ್ಟೇ. ‘ಹಿಂತಿರುಗಿಸಿದ ಪಾಲಿಸಿಯ ಹಣ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮೊದಲನೆಯದಕ್ಕೆ ‘ಅವಧಿ ಮುಗಿದ ಹಣ’ ಸಾಕು. ಇವನ್ನೆಲ್ಲ ಬೇರೆ ಬೇರೆ ಹೆಸರಿನಿಂದ ಕರೆಯಲೇಬೇಕೇ ಎಂದು ಕೇಳುವವರಿಗೆ ನಾನು ನಮ್ಮ ಮಂಡಿಯನ್ನು ತೋರಿಸುತ್ತೇನೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಹೆಸರು ಬೇರೆ, ದರ ಬೇರೆ. ಒಂದೇ ತೋಟದ ಅಡಿಕೆಯಾದರೂ ಕೊಯ್ದ ಹದವನ್ನೂ ಮಾಡಿದ ಕ್ರಮವನ್ನೂ ನೋಡಿ ಹೆಸರಿಡುತ್ತೇವೆ. ದರ ಬೇರೆಯಾದಲ್ಲಿ ಹೆಸರೂ ಬೇರೆಯಾಗಲೇಬೇಕು ಎಂಬ ವ್ಯವಹಾರಜ್ಞಾನ ನಮ್ಮವರಿಗೆ ಹೊಸದಲ್ಲ. ವಿಮೆಯ ಹಣಕ್ಕೂ ಅದೇ ನ್ಯಾಯ ಸಲ್ಲಬೇಕು.

‘ಪರಿಹಾರ’ದ ಸಮಸ್ಯೆ ಇದಕ್ಕಿಂತ ಆಳವಾದದ್ದು. ಪತ್ರಿಕೆಗಳಲ್ಲಿ ‘ವಿಮಾ ಪರಿಹಾರ’ ಎಂಬ ಪದ ಚೆನ್ನಾಗಿ ಬೇರೂರಿದೆ, ಕಿವಿಗೂ ಹಿತವಾಗಿದೆ. ಆದರೆ ಮಲೆನಾಡಿನಲ್ಲಿ ಈ ಪದದ ಹಿಂದೆ ಒಂದು ಚರಿತ್ರೆ ಇದೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಊರುಗಳು ಮುಳುಗಿದ ಮೇಲೆ, ನಮ್ಮ ಕಡೆ ‘ಪರಿಹಾರ’ ಎಂದರೆ ಮೊದಲು ನೆನಪಾಗುವುದು ಮುಳುಗಡೆ ಪರಿಹಾರ. ಆಮೇಲೆ ಅತಿವೃಷ್ಟಿ ಪರಿಹಾರ, ಕಾಡುಪ್ರಾಣಿಗಳಿಂದಾದ ಬೆಳೆ ಹಾನಿಯ ಪರಿಹಾರ. ಇವೆಲ್ಲ ಸರ್ಕಾರ ಕೊಡುವವು. ಹೀಗಾಗಿ ‘ಬೆಳೆ ವಿಮಾ ಪರಿಹಾರ’ ಎಂದೊಡನೆ ಅದೂ ಸರ್ಕಾರ ಕೊಟ್ಟದ್ದು, ಸರ್ಕಾರವೇ ಕೊಟ್ಟದ್ದನ್ನು ಸರ್ಕಾರಕ್ಕೆ ಮತ್ತೆ ಹೇಳುವುದೇನು ಎಂಬ ಭಾವನೆ ಬರುತ್ತದೆ. ನಿಜವಾಗಿ ಅದು ಕಂತು ಕಟ್ಟಿ ಪಡೆದ ಹಕ್ಕು. ಅಡಿಕೆ, ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಬೆಳೆಗಾರ ವಿಮಾ ಮೊತ್ತದ ಶೇಕಡ 5ರವರೆಗೆ ತಾನೇ ಕಟ್ಟುತ್ತಾನೆ. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. ಹಣ ಬರುವುದು ತೋಟದಲ್ಲಿ ಕೊಳೆ ರೋಗದಿಂದ ಎಷ್ಟು ಕಾಯಿ ಉದುರಿತು ಎಂಬುದನ್ನು ನೋಡಿಯಲ್ಲ, ಗ್ರಾಮ ಪಂಚಾಯಿತಿಯ ಮಟ್ಟದ ಮಳೆಮಾಪಕದಲ್ಲಿ ದಾಖಲಾದ ಮಳೆಯನ್ನು ನೋಡಿ. ಆದ್ದರಿಂದ ಅದನ್ನು ‘ಹಾನಿ ಪರಿಹಾರ’ ಎನ್ನುವುದು ಮಾತಿನ ದೃಷ್ಟಿಯಿಂದಲೂ ಪೂರ್ತಿ ಸರಿಯಲ್ಲ. ಹಾನಿಯನ್ನು ಯಾರೂ ಅಳೆದಿಲ್ಲ, ಮಳೆಯನ್ನು ಅಳೆದಿದ್ದಾರೆ. ನಮ್ಮ ಕಚೇರಿಯಲ್ಲಿ ಇದನ್ನು ಬೆಳೆಯ ಬದಲಿಗೆ ಬಂದ ಹಣವೆಂದು ಕೃಷಿ ಆದಾಯದ ಜೊತೆಗೇ ತೋರಿಸುವ ರೂಢಿ ಇದೆ. ಕೃಷಿ ಆದಾಯ 5,000 ರೂಪಾಯಿ ಮೀರಿದರೆ ‘ಸಹಜ್’ ಎಂಬ ಮೊದಲನೆಯ ನಮೂನೆಯನ್ನು ಬಳಸುವಂತಿಲ್ಲವಾದ್ದರಿಂದ, ಹೆಸರು ಏನೆಂದು ಬರೆದುಕೊಳ್ಳುತ್ತೇವೆ ಎಂಬುದರ ಮೇಲೆ ಯಾವ ನಮೂನೆ ಎಂಬುದೂ ನಿಲ್ಲುತ್ತದೆ.

ಇದೇ ‘ಪರಿಹಾರ’ ನಮ್ಮ ಶಾಸನಗಳಲ್ಲಿ ತೆರಿಗೆಯ ಪದವೇ ಆಗಿತ್ತು ಎಂಬುದನ್ನು ಬಳಗದ ಹಿರಿಯರಿಗೆ ನಾನು ನೆನಪಿಸಬೇಕಿಲ್ಲ. ದಾನ ಕೊಟ್ಟ ಭೂಮಿಯನ್ನು ‘ಸರ್ವಬಾಧಾ ಪರಿಹಾರ’ವಾಗಿ ಬಿಟ್ಟುದಾಗಿ ಬರೆಯುತ್ತಿದ್ದರು, ಎಂದರೆ ಎಲ್ಲ ತೆರಿಗೆ, ಬಾಧೆಗಳಿಂದ ಬಿಡುಗಡೆ. ಶಿಕಾರಿಪುರದ ಬಳ್ಳಿಗಾವಿಯಂಥ ಶಾಸನಸಮೃದ್ಧ ಊರು ಇರುವ ಜಿಲ್ಲೆ ನಮ್ಮದು, ಶಾಸನತಜ್ಞ ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಎರಡು ಸಂಪುಟಗಳನ್ನು ಈ ಒಂದು ಜಿಲ್ಲೆಗೇ ಮೀಸಲಿಡಬೇಕಾಯಿತು. ಹೀಗೆ ಒಂದು ಕಾಲಕ್ಕೆ ತೆರಿಗೆಯಿಂದ ಬಿಡುಗಡೆ ಎಂಬ ಅರ್ಥವಿದ್ದ ಪದ, ಇಂದು ನಷ್ಟ ತುಂಬಿಕೊಡುವ ಹಣ, ಸಮಸ್ಯೆಯ ಉತ್ತರ, ಗ್ರಹದೋಷದ ಶಾಂತಿ ಎಂದು ಹರಡಿಕೊಂಡಿದೆ. ಇದರ ಮೇಲೆ, ಬಾಕಿ ಸಂಬಳ ಒಟ್ಟಿಗೆ ಬಂದಾಗ 89ನೇ ಕಲಮಿನಡಿ ಸಿಗುವ ತೆರಿಗೆಯ ಇಳಿಕೆಗೂ ಕೆಲವರು ‘ಪರಿಹಾರ’ ಎಂದೇ ಬರೆಯುತ್ತಾರೆ. ನನ್ನ ಕರಡಿನ ಒಂದು ವಾಕ್ಯದಲ್ಲಿ ‘ಪರಿಹಾರದ ಮೇಲೆ ಪರಿಹಾರ’ ಎಂಬುದು ಬಂದು, ಬರೆದ ನನಗೇ ಅರ್ಥವಾಗದೆ ಹೊಡೆದುಹಾಕಿದೆ. ಆಸ್ಪತ್ರೆಯ ಬಿಲ್ಲಿನ ಹಣವನ್ನು ಆರೋಗ್ಯ ವಿಮೆಯಿಂದ ಪಡೆದದ್ದಕ್ಕೂ ‘ಪರಿಹಾರ’ ಬೇಡ. ಅದು ಆದಾಯವೇ ಅಲ್ಲ, ಕೈಯಿಂದ ಹೋದ ಖರ್ಚು ಮರಳಿ ಕೈಸೇರಿದ್ದು. ‘ಖರ್ಚು ಮರುಪಾವತಿ’ ಎಂದು ಬರೆದಿದ್ದೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಈಗ ‘ವಿನಾಯಿತಿ’ಗೆ ಬರುತ್ತೇನೆ. ನನ್ನನ್ನು ಹೆಚ್ಚು ಕಾಡುತ್ತಿರುವ ಪದ ಇದು.

ತೆರಿಗೆಯ ಭಾಷೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಕೆಲವು ಹಣವನ್ನು ಕಾಯ್ದೆಯೇ ಒಟ್ಟು ಆದಾಯದ ಲೆಕ್ಕದಿಂದ ಹೊರಗಿಟ್ಟಿದೆ. 10(10ಡಿ)ಯ ವಿಮಾ ಹಣ ಈ ಬಗೆಯದು. ಕೆಲವು ಖರ್ಚುಗಳನ್ನು ಒಟ್ಟು ಆದಾಯದಿಂದ ಕಳೆಯಬಹುದು. 80ಸಿ ಕಲಮಿನಲ್ಲಿ ಜೀವ ವಿಮೆಗೆ ಕಟ್ಟಿದ ಕಂತು, 80ಡಿಯಲ್ಲಿ ಆರೋಗ್ಯ ವಿಮೆಗೆ ಕಟ್ಟಿದ ಕಂತು ಈ ಬಗೆಯವು. ಇನ್ನು ತೆರಿಗೆ ಲೆಕ್ಕ ಹಾಕಿದ ಮೇಲೆ ಆ ತೆರಿಗೆಯಲ್ಲಿಯೇ ಇಳಿಸುವುದು ಇನ್ನೊಂದು. 87ಎ ಕಲಮಿನದು ಈ ಬಗೆಯದು. ಕನ್ನಡದ ವರದಿಗಳಲ್ಲಿಯೂ ಮಾತಿನಲ್ಲಿಯೂ ಈ ಮೂರಕ್ಕೂ ‘ವಿನಾಯಿತಿ’ ಎಂಬ ಒಂದೇ ಪದ. ‘ರಿಯಾಯಿತಿ’ಯೂ ಪ್ರಾಸಕ್ಕೆ ಜೊತೆಯಾಗಿ ಓಡಾಡುತ್ತದೆ. ಇದರಿಂದ ಆಗುತ್ತಿರುವ ತೊಂದರೆ ಬರಿಯ ವ್ಯಾಕರಣದ್ದಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ 80ಸಿ, 80ಡಿ ಕಡಿತಗಳು ಸಿಗುವುದಿಲ್ಲ. ಇದನ್ನು ‘ಹೊಸ ಪದ್ಧತಿಯಲ್ಲಿ ವಿಮೆಗೆ ವಿನಾಯಿತಿ ಇಲ್ಲ’ ಎಂದು ಹೇಳಿಬಿಟ್ಟರೆ, ಕೇಳಿದವರು ಪಾಲಿಸಿ ಮುಗಿದು ಬಂದ ಹಣಕ್ಕೂ ತೆರಿಗೆ ಬಿತ್ತು ಎಂದುಕೊಳ್ಳುತ್ತಾರೆ. 10(10ಡಿ) ಹೊಸ ಪದ್ಧತಿಯಲ್ಲಿಯೂ ಇದೆ. ನಿವೃತ್ತ ಶಿಕ್ಷಕರೊಬ್ಬರು ತಮ್ಮ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಜೀವ ವಿಮೆ) ಹಣ ಬಂದ ವರ್ಷ, ಅದಕ್ಕೆ ತೆರಿಗೆ ಬೀಳುತ್ತದೆಂದು ಹೆದರಿ, ಲೆಕ್ಕದಲ್ಲಿ ನಷ್ಟವಾದರೂ ಹಳೆಯ ಪದ್ಧತಿಯಲ್ಲಿಯೇ ಉಳಿಯುತ್ತೇನೆ ಎಂದು ಪಟ್ಟುಹಿಡಿದಿದ್ದರು. ಜೀವಮಾನವಿಡೀ ಕನ್ನಡ ಪಾಠ ಮಾಡಿದ ಮೇಷ್ಟ್ರು ಅವರು. ಅವರಿಗೆ ಭಾಷೆ ಬಾರದೆ ಹೀಗಾದದ್ದಲ್ಲ. ಒಂದೇ ಪದಕ್ಕೆ ಮೂರು ಅರ್ಥ ಹೊರಿಸಿದವರದ್ದು ತಪ್ಪು.

ಇನ್ನೊಂದು ಕಡೆಯಿಂದಲೂ ‘ವಿನಾಯಿತಿ’ ಮೋಸ ಮಾಡುತ್ತದೆ. ಮೇಲೆ ಹೇಳಿದ 2,10,000 ರೂಪಾಯಿಯ ಪ್ರಸಂಗವನ್ನೇ ನೋಡಿ. ಆ ಬೆಳೆಗಾರರು 2015ರಲ್ಲಿ ಒಂದೇ ಕಂತಿನಲ್ಲಿ 1,00,000 ರೂಪಾಯಿ ಕಟ್ಟಿ, 1,25,000 ರೂಪಾಯಿ ವಿಮಾ ಮೊತ್ತದ ಪಾಲಿಸಿ ಮಾಡಿಸಿದ್ದರು. 2012ರ ಏಪ್ರಿಲ್ 1ರಿಂದ ಈಚೆಗೆ ಮಾಡಿಸಿದ ಪಾಲಿಸಿಗಳಲ್ಲಿ ಕಂತು ವಿಮಾ ಮೊತ್ತದ ಶೇಕಡ 10ನ್ನು ಮೀರಿದರೆ, ಅವಧಿ ಮುಗಿದಾಗ ಬರುವ ಹಣ 10(10ಡಿ)ಯ ಆಸರೆಗೆ ಬರುವುದಿಲ್ಲ. 2003ರ ಏಪ್ರಿಲ್‌ನಿಂದ 2012ರ ಮಾರ್ಚ್‌ವರೆಗಿನ ಪಾಲಿಸಿಗಳಿಗೆ ಈ ಮಿತಿ ಶೇಕಡ 20 ಇತ್ತು. ಇವರ ಕಂತು ಶೇಕಡ 80. ಹಣ ಕೊಡುವಾಗ ಕಂಪನಿಯವರು 1,10,000 ರೂಪಾಯಿಯ ಹೆಚ್ಚುವರಿಯ ಮೇಲೆ ಶೇಕಡ 2ರಂತೆ 2,200 ರೂಪಾಯಿ ತೆರಿಗೆ ಮುರಿದುಕೊಂಡೇ ಕೊಟ್ಟಿದ್ದರು. ಅದು ತೆರಿಗೆ ಇಲಾಖೆ ಇಡುವ 26ಎಎಸ್ ಎಂಬ ಪಟ್ಟಿಯಲ್ಲಿ ಇವರ ಪ್ಯಾನ್ ಸಂಖ್ಯೆಯ ಎದುರಿಗೆ ದಾಖಲಾಗಿತ್ತು. ಪಾಲಿಸಿಯ ಕನ್ನಡ ಕರಪತ್ರದಲ್ಲಿ ‘ತೆರಿಗೆ ವಿನಾಯಿತಿ ಉಂಟು’ ಎಂದು ದೊಡ್ಡದಾಗಿಯೂ ‘ಷರತ್ತುಗಳಿಗೆ ಒಳಪಟ್ಟು’ ಎಂದು ಚಿಕ್ಕದಾಗಿಯೂ ಇದ್ದುದರಿಂದ, ಅವರು ಆ ವರ್ಷ ಬೇರೆಲ್ಲಿಯೋ ರಿಟರ್ನ್ ತುಂಬಿಸಿದಾಗ ಈ ಹಣವನ್ನು ಹೇಳಿರಲೇ ಇಲ್ಲ. ನೋಟಿಸು ಬಂತು. ಅದನ್ನು ಹಿಡಿದು ನಮ್ಮಲ್ಲಿಗೆ ಬಂದವರು, “ವಿನಾಯಿತಿ ಅಂದಿದ್ರಲ, ಈಗ ಇದೆಂತಕ್ಕೆ ಬಂತು?” ಎಂದು ಕೇಳಿದರು. ಆ ಕರಪತ್ರದ ‘ವಿನಾಯಿತಿ’ ಅವರು ಕಟ್ಟಿದ ಕಂತಿಗೆ ಸಂಬಂಧಿಸಿದ್ದು. ಅವರು ಅದನ್ನು ಬರುವ ಹಣಕ್ಕೆ ಎಂದು ಓದಿಕೊಂಡಿದ್ದರು. ಹಾಗೆ ಓದಿಕೊಂಡದ್ದರಲ್ಲಿ ಅವರ ತಪ್ಪೇನೂ ನನಗೆ ಕಾಣುವುದಿಲ್ಲ.

(2021ರ ಫೆಬ್ರವರಿ 1ರಿಂದೀಚಿನ ಯುಲಿಪ್‌ಗಳಲ್ಲಿ, ಎಂದರೆ ಹೂಡಿಕೆಯೂ ಕೂಡಿದ ಜೀವ ವಿಮೆಗಳಲ್ಲಿ, ವರ್ಷದ ಕಂತು ಒಟ್ಟು 2,50,000 ರೂಪಾಯಿ, 2023ರ ಏಪ್ರಿಲ್ 1ರಿಂದೀಚಿನ ಇತರ ಜೀವ ವಿಮೆಗಳಲ್ಲಿ 5,00,000 ರೂಪಾಯಿ ಮೀರಿದರೂ ಈ ಆಸರೆ ತಪ್ಪುತ್ತದೆ. ನಮ್ಮ ಓದುಗರಲ್ಲಿ ಅಷ್ಟು ಕಂತು ಕಟ್ಟುವವರು ಕಡಿಮೆ. ಕೈಪಿಡಿಯಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೇನೆ.)

ನನ್ನ ಸಲಹೆ ಹೀಗಿದೆ. ಕಾಯ್ದೆಯೇ ಲೆಕ್ಕದಿಂದ ಹೊರಗಿಟ್ಟ ಹಣವನ್ನು ‘ತೆರಿಗೆಗೆ ಹೊರತಾದ ಹಣ’ ಎನ್ನೋಣ; ‘ಹೊರತು’ ಎಂಬ ಪದದಲ್ಲಿ ದಯೆ, ದಾಕ್ಷಿಣ್ಯಗಳ ಸೋಂಕಿಲ್ಲ, ಗಡಿಯ ಆಚೆ ಎಂಬ ನೇರ ಅರ್ಥವಷ್ಟೇ ಇದೆ. ಆದಾಯದಿಂದ ಕಳೆಯುವುದನ್ನು ‘ಕಡಿತ’ ಎನ್ನುವುದು ಸರಿಯೇ, ಆದರೆ ಆಗ ಹಣ ಕೊಡುವವರು ಮೊದಲೇ ಹಿಡಿದಿಟ್ಟುಕೊಳ್ಳುವ ತೆರಿಗೆಗೆ ‘ಮೂಲದಲ್ಲಿ ಕಡಿತ’ ಎಂಬ ಹೆಸರು ತೊಡಕಾಗುತ್ತದೆ. ಒಂದು ಕಡಿತ ಓದುಗರ ಪರವಾದದ್ದು, ಇನ್ನೊಂದು ಅವರ ಕೈಯಿಂದ ಹೋದದ್ದು. ಎರಡನೆಯದಕ್ಕೆ ನಮ್ಮ ಮಂಡಿಯ ಮಾತು ಸಿದ್ಧವಾಗಿದೆ: ಅಡಿಕೆ ಮಾರಿದ ಹಣದಲ್ಲಿ ಮುಂಗಡದ ಸಾಲವನ್ನು ‘ಮುರ್ಕೊಂಡು’ ಉಳಿದದ್ದನ್ನು ಕೊಡುತ್ತಾರೆ. ‘ಮುರಿದುಕೊಂಡ ತೆರಿಗೆ’ ಎಂದು ಕೈಪಿಡಿಯಲ್ಲಿ ಬರೆದಾಗ, ಓದಿ ನೋಡಿದ ಐದಾರು ಬೆಳೆಗಾರರಲ್ಲಿ ಒಬ್ಬರೂ ಅದರ ಅರ್ಥ ಕೇಳಲಿಲ್ಲ. ‘ಟಿಡಿಎಸ್’ ಎಂಬುದನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ, ಏಕೆಂದರೆ ಬ್ಯಾಂಕಿನಲ್ಲಿ ಅವರಿಗೆ ಕೇಳಿಸುವುದು ಅದೇ. 87ಎ ಬಗೆಯದಕ್ಕೆ ‘ತೆರಿಗೆಯ ಇಳಿಕೆ’. ಹಾಗಾದರೆ ‘ವಿನಾಯಿತಿ’ಯನ್ನು ಕೈಪಿಡಿಯಿಂದ ಪೂರ್ತಿ ಬಿಟ್ಟುಬಿಡಲೇ, ಅಥವಾ ಎಲ್ಲರ ನಾಲಿಗೆಯಲ್ಲಿರುವ ಪದವೆಂದು ‘ಹೊರತು’ ಎಂಬುದರ ಜೊತೆಗೆ ಕೂರಿಸಲೇ? ಬಿಟ್ಟರೆ ಓದುಗರು ಹುಡುಕುವ ಪದ ಸಿಗುವುದಿಲ್ಲ. ಇಟ್ಟರೆ ಹಳೆಯ ಗೊಂದಲ ಮರಳಿ ಬರುತ್ತದೆ. ಬಳಗದವರ ಅಭಿಪ್ರಾಯ ಇಲ್ಲಿ ನನಗೆ ಬಹಳ ಮುಖ್ಯ.

ತೆರಿಗೆ ಇಲ್ಲದ ಹಣವನ್ನೂ ಏಕೆ ಹೇಳಬೇಕು ಎಂಬ ಪ್ರಶ್ನೆಯನ್ನು ವರ್ಷಕ್ಕೆ ನೂರು ಸಲವಾದರೂ ಕೇಳಿಸಿಕೊಳ್ಳುತ್ತೇನೆ. ನಮೂನೆಯಲ್ಲಿ ತೆರಿಗೆಗೆ ಹೊರತಾದ ಆದಾಯವನ್ನು ಮಾಹಿತಿಗಾಗಿ ಎಂದೇ ಕೇಳುವ ಒಂದು ಭಾಗವಿದೆ. ಅಲ್ಲಿ 10(10ಡಿ) ಎಂದು ಆರಿಸಿ ಮೊತ್ತ ಬರೆಯಬೇಕು, ಅದರಿಂದ ತೆರಿಗೆ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಇಲ್ಲಿ ನಮ್ಮ ಜನ ‘ತೋರಿಸು’ ಮತ್ತು ‘ಕಟ್ಟು’ ಎಂಬ ಎರಡು ಕ್ರಿಯಾಪದಗಳನ್ನು ಬಳಸುತ್ತಾರೆ. ಅವು ಬಹಳ ಒಳ್ಳೆಯ ಪದಗಳು, ಆದರೆ ಅವರ ಮನಸ್ಸಿನಲ್ಲಿ ಎರಡೂ ಅಂಟಿಕೊಂಡಿವೆ: ತೋರಿಸಿದರೆ ಕಟ್ಟಬೇಕು, ಕಟ್ಟುವುದಿಲ್ಲವಾದರೆ ತೋರಿಸುವುದೇಕೆ. ಈ ಎರಡನ್ನು ಬಿಡಿಸುವ ಕಲ್ಪನೆ ನಮ್ಮಲ್ಲಿ ಹಿಂದೆ ಇತ್ತು. ಇನಾಂ ಜಮೀನುಗಳಿಗೆ ಪೂರ್ತಿ ಕಂದಾಯವಿರಲಿಲ್ಲ, ಆದರೂ ಅವು ಲೆಕ್ಕದ ಪುಸ್ತಕದಲ್ಲಿ ಇದ್ದವು. 1954ರ ಇನಾಂ ರದ್ದಿಯಾತಿ ಕಾಯ್ದೆ ಬಂದಾಗ ಯಾವುದು ಇನಾಂ ಎಂದು ತಿಳಿದದ್ದೇ ಹಾಗೆ ಬರೆದಿಟ್ಟಿದ್ದರಿಂದ. ಈ ಹೋಲಿಕೆಯನ್ನು ಹಿರಿಯ ಬೆಳೆಗಾರರಿಗೆ ಹೇಳಿದರೆ ತಟ್ಟನೆ ಒಪ್ಪಿಕೊಳ್ಳುತ್ತಾರೆ.

‘ತೋರಿಸು’ ಆಡುಮಾತು, ‘ಘೋಷಿಸು’ ಎಂದರೆ ಅಘೋಷಿತ ಆಸ್ತಿ, ದಾಳಿ ಎಂದು ಹೆದರಿಕೆ, ‘ವರದಿ ಮಾಡು’ ಪತ್ರಿಕೆಯವರದ್ದು. ‘ನಮೂದಿಸು’ ನನಗೆ ಒಪ್ಪಿಗೆಯಾಗಿದೆ. ಪಾರಸಿಯ ‘ನಮೂದ್’ ಎಂಬುದರ ಮೂಲಾರ್ಥವೇ ಕಾಣಿಸಿಕೊಳ್ಳುವುದು, ತೋರುವುದು. ಹಾಗಾಗಿ ‘ತೋರಿಸು’ ಮತ್ತು ‘ನಮೂದಿಸು’ ಅರ್ಥದಲ್ಲಿ ಸೋದರರೇ. ‘ರಿಟರ್ನ್’ ಎಂಬ ಪದವನ್ನು ಬದಲಿಸಲೇಬೇಕು ಎಂದು ನನಗೆ ಅನ್ನಿಸಿದೆ, ಏಕೆಂದರೆ ಮುರಿದುಕೊಂಡ ತೆರಿಗೆ ವಾಪಸು ಬಂದಾಗಲೂ ‘ರಿಟರ್ನ್ ಬಂತು’ ಎನ್ನುತ್ತಾರೆ, ಪಾಲಿಸಿಯಲ್ಲಿ ಬರುವ ಹೆಚ್ಚುವರಿಗೂ ‘ರಿಟರ್ನ್ ಚೆನ್ನಾಗಿದೆ’ ಎನ್ನುತ್ತಾರೆ. ‘ಆದಾಯ ವಿವರಪಟ್ಟಿ’ ಎಂದು ಇಟ್ಟುಕೊಂಡಿದ್ದೇನೆ.

‘ವರ್ಷಾಶನ’ದ ಬಗ್ಗೆಯೂ ಒಂದು ಮಾತು ಕೇಳಬೇಕು. ವಿಮಾ ಕಂಪನಿಯ ಪಿಂಚಣಿ ಯೋಜನೆಯಿಂದ ಕಂತು ಕಂತಾಗಿ ಬರುವ ಹಣಕ್ಕೆ ಕನ್ನಡದ ಕಾಗದಗಳಲ್ಲಿ ಈ ಪದ ಕಾಣುತ್ತದೆ. ನಮ್ಮ ಕಡೆ ವರ್ಷಾಶನವೆಂದರೆ ದೇವಸ್ಥಾನ, ಮಠಗಳಿಗೆ ಸಲ್ಲುವ ಹಣ. ಅದಕ್ಕೆ ತೆರಿಗೆ ಎಂಬ ಯೋಚನೆಯೇ ಯಾರಿಗೂ ಬರುವುದಿಲ್ಲ. ಆದರೆ ಪಿಂಚಣಿ ಯೋಜನೆಯಿಂದ ತಿಂಗಳು ತಿಂಗಳು ಬರುವ ಹಣ ಆಯಾ ವರ್ಷದ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ತಿಂಗಳಿಗೆ ಬರುವುದನ್ನು ‘ವರ್ಷದ ಊಟ’ ಎನ್ನುವುದೂ ಹೊಂದುವುದಿಲ್ಲ. ‘ವಿಮಾ ಪಿಂಚಣಿ’ ಎಂದರೆ ಸರ್ಕಾರಿ ಪಿಂಚಣಿಯೊಡನೆ ಬೆರೆಯುತ್ತದೆಯೇ, ಇಲ್ಲವೇ? ಶಿಕ್ಷಕರಾಗಿದ್ದವರು ಬಳಗದಲ್ಲಿ ಹಲವರಿದ್ದೀರಿ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ತಿಳಿಸಿ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವುದರೊಂದಿಗೆ ‘ಹಿಂದಿನ ವರ್ಷ’, ‘ಕರನಿರ್ಧಾರಣ ವರ್ಷ’ ಎಂಬ ಜೋಡಿ ಹೋಗಿ ‘ತೆರಿಗೆ ವರ್ಷ’ ಎಂಬ ಒಂದೇ ಪದ ಬಂದಿದೆ. ಕಾಯ್ದೆ ಬರೆಯುವವರೇ ಹಳೆಯ ಪದಗಳನ್ನು ಕೈಬಿಟ್ಟು ಸರಳವಾದುದನ್ನು ಇಟ್ಟಿರುವ ಈ ಸಮಯದಲ್ಲಿ ಕನ್ನಡದ ಪದಗಳನ್ನೂ ಒಮ್ಮೆ ತೂಗಿ ನೋಡುವುದು ಸಾಧ್ಯವಾಗಬೇಕು. ಕಲಮುಗಳ ಸಂಖ್ಯೆಗಳು ಹೊಸ ಕಾಯ್ದೆಯಲ್ಲಿ ಬೇರೆಯಾಗಿವೆ. ಅದಕ್ಕಾಗಿಯೇ ನಾನು ಕೈಪಿಡಿಯಲ್ಲಿ ಸಂಖ್ಯೆಗಿಂತ ಪದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಕರಡಿನ ಒಂದು ವಾಕ್ಯವನ್ನು ಇಲ್ಲಿ ಕೊಡುತ್ತೇನೆ, ದಯವಿಟ್ಟು ತಿದ್ದಿಕೊಡಿ: “ಪಾಲಿಸಿದಾರರು ತೀರಿಕೊಂಡ ಮೇಲೆ ಮನೆಯವರಿಗೆ ಸಲ್ಲುವ ವಿಮಾ ಹಣವು ತೆರಿಗೆಗೆ ಹೊರತಾದದ್ದು, ಅದನ್ನು ಆದಾಯ ವಿವರಪಟ್ಟಿಯಲ್ಲಿ ನಮೂದಿಸಬೇಕು, ಅದಕ್ಕೆ ತೆರಿಗೆ ಕಟ್ಟಬೇಕಿಲ್ಲ.” ತೀರ್ಥಹಳ್ಳಿಯ ಆ ಅಮ್ಮನವರು ಬರುವ ಸೋಮವಾರ ಸಹಿ ಹಾಕಲು ಬರುತ್ತಾರೆ. ಅವರು ಮೊದಲು ಓದುವುದು ಈ ಸಾಲನ್ನೇ, ಬೆರಳಿಟ್ಟು ಓದುತ್ತಾರೆ. ‘ಸಲ್ಲುವ’ ಎಂಬುದನ್ನು ಹಾಗೆಯೇ ಬಿಡಲೇ, ‘ಸೇರುವ’ ಎಂದು ಮಾಡಲೇ ಎಂಬುದನ್ನಾದರೂ ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಶಿವಮೊಗ್ಗದಿಂದ, ವಂದನೆಗಳೊಂದಿಗೆ.